ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಹಾಗಿದ್ದರೆ ತಕರಾರು ಯಾವುದರ ಬಗ್ಗೆ?

ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಹಂಚುವ ಕಾರ್ಯಕ್ರಮ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಒಂದಕ್ಕೊಂದು ಹೊಂದದ ಸುದ್ದಿಗಳು ಕಾಣಿಸಿಕೊಳ್ಳುತ್ತವೆ. ಇಷ್ಟು ಕೋಟಿ ಮಕ್ಕಳಿಗೆ ಮಾತ್ರೆ ತಲುಪಿತು, ಇದರಿಂದ ರಕ್ತಹೀನತೆಯೂ ಅಪೌಷ್ಟಿಕತೆಯೂ ತಗ್ಗಲಿವೆ ಎಂಬುದು ಒಂದು. ಮಾತ್ರೆ ನುಂಗಿದ ಕೆಲವು ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು ಎಂಬುದು ಇನ್ನೊಂದು. ಹೀಗೆ ಸಾಮೂಹಿಕವಾಗಿ ಮಾತ್ರೆ ಹಂಚುವುದರಿಂದ ಮಕ್ಕಳ ತೂಕದಲ್ಲಾಗಲಿ ಕಲಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲವೆಂದು ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶೆ ಹೇಳುತ್ತಿದೆ ಎಂಬುದು ಮತ್ತೊಂದು.

ಮಗುವಿನ ಕೈಗೆ ಮಾತ್ರೆ ಬರುವ ಹೊತ್ತಿಗೆ ಅದನ್ನು ನುಂಗಿಸಬೇಕೋ ಬೇಡವೋ ಎಂದು ಹೆತ್ತವರು ಗೊಂದಲಕ್ಕೆ ಬಿದ್ದರೆ ಅದು ಅವರ ತಪ್ಪಲ್ಲ. ವಿಚಿತ್ರವೆಂದರೆ ಈ ಮೂರರಲ್ಲಿ ಯಾವುದೂ ಸುಳ್ಳು ಸುದ್ದಿಯಾಗಿರಬೇಕಿಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಸಿಕ್ಕ ಉತ್ತರ. ಪ್ರಶ್ನೆಯನ್ನು ಕೈಬಿಟ್ಟು ಉತ್ತರವನ್ನಷ್ಟೇ ಅಚ್ಚು ಹಾಕುವುದರಿಂದ ಅವು ಪರಸ್ಪರ ಜಗಳವಾಡುತ್ತಿರುವಂತೆ ಕಾಣುತ್ತವೆ. ಹೊಟ್ಟೆಯಲ್ಲಿ ಹುಳುವಿರುವ ಒಂದು ಮಗುವಿಗೆ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂಬುದು ಒಂದು ಪ್ರಶ್ನೆ. ಯಾರಲ್ಲಿ ಹುಳುವಿದೆ, ಯಾರಲ್ಲಿ ಇಲ್ಲ ಎಂದು ನೋಡದೆ ಸಾವಿರ ಮಕ್ಕಳಿಗೆ ಕೊಟ್ಟರೆ ಆ ಸಾವಿರದ ಸರಾಸರಿ ಎಷ್ಟು ಕದಲುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನು ಬಿಡಿಸಿಕೊಳ್ಳಬೇಕಾದರೆ ಮೊದಲು ಹುಳುಗಳ ಬದುಕನ್ನು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ.

ಕರುಳಿನ ಒಕ್ಕಲುಗಳು

ಮಣ್ಣಿನ ಮೂಲಕ ಹರಡುವ ಹುಳುಗಳಲ್ಲಿ ಮಕ್ಕಳನ್ನು ಹೆಚ್ಚಾಗಿ ಕಾಡುವವು ದುಂಡುಹುಳು, ಚಾಟಿಹುಳು ಮತ್ತು ಕೊಕ್ಕೆಹುಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನ ಇವುಗಳಲ್ಲಿ ಒಂದನ್ನಾದರೂ ಹೊತ್ತಿದ್ದಾರೆ. ಇವು ದಟ್ಟವಾಗಿ ಹರಡುವ ಪ್ರದೇಶಗಳಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ 26 ಕೋಟಿಗೂ ಹೆಚ್ಚು, ಶಾಲಾ ವಯಸ್ಸಿನ 65 ಕೋಟಿಗೂ ಹೆಚ್ಚು ಮಕ್ಕಳು ವಾಸಿಸುತ್ತಿದ್ದಾರೆ.

ದುಂಡುಹುಳು ಇವುಗಳಲ್ಲಿ ದೊಡ್ಡದು. ಬೆಳೆದ ಹೆಣ್ಣುಹುಳು 20ರಿಂದ 35 ಸೆಂಟಿಮೀಟರ್ ಉದ್ದವಿದ್ದು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಮಲದೊಂದಿಗೆ ಹೊರಬಿದ್ದ ಮೊಟ್ಟೆ ಆ ಕ್ಷಣಕ್ಕೆ ಯಾರಿಗೂ ಅಪಾಯಕಾರಿಯಲ್ಲ. ಬೆಚ್ಚಗಿನ, ತೇವವಿರುವ, ನೆರಳಿನ ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಅದು ಸೋಂಕು ತರುವ ಸ್ಥಿತಿಗೆ ಬರುತ್ತದೆ. ಹಾಗೆ ಬಂದ ಮೇಲೆ ಅನುಕೂಲಕರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಮಣ್ಣು ಮೆತ್ತಿದ ಕೈ, ತೊಳೆಯದ ತರಕಾರಿ, ಕೊಳಕು ನೀರಿನ ಮೂಲಕ ಬಾಯಿ ಸೇರಿದ ಮೊಟ್ಟೆ ಕರುಳಿನಲ್ಲಿ ಒಡೆದು ಮರಿ ಹೊರಬರುತ್ತದೆ. ಮರಿ ಕರುಳಿನ ಗೋಡೆ ತೂರಿ, ರಕ್ತದ ಜೊತೆ ಯಕೃತ್ತನ್ನೂ ಶ್ವಾಸಕೋಶವನ್ನೂ ಹಾದು, ಗಂಟಲವರೆಗೆ ಏರಿ, ಮತ್ತೆ ನುಂಗಲ್ಪಟ್ಟು ಕರುಳಿಗೆ ಮರಳುತ್ತದೆ. ಈ ಸುತ್ತಾಟ ಮುಗಿಸಿ ಮೊಟ್ಟೆ ಇಡುವ ಹುಳುವಾಗಲು ಅದಕ್ಕೆ ಎರಡು ಮೂರು ತಿಂಗಳು ಬೇಕು.

ಕೊಕ್ಕೆಹುಳುವಿನ ದಾರಿ ಬೇರೆ. ಅದರ ಮೊಟ್ಟೆ ಮಣ್ಣಿನಲ್ಲೇ ಒಡೆದು, ಮರಿ ಅಲ್ಲೇ ಬೆಳೆದು, ಬರಿಗಾಲಿನ ಚರ್ಮವನ್ನು ಕೊರೆದುಕೊಂಡು ಒಳಹೋಗುತ್ತದೆ. ಒಂದು ಸೆಂಟಿಮೀಟರಿನಷ್ಟೇ ಉದ್ದದ ಈ ಹುಳು ಸಣ್ಣ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಚಾಟಿಹುಳು ತನ್ನ ಕೂದಲೆಳೆಯಂಥ ಮುಂಭಾಗವನ್ನು ದೊಡ್ಡ ಕರುಳಿನ ಲೋಳೆಪೊರೆಯೊಳಗೆ ಹೊಲಿದಂತೆ ತೂರಿಸಿಕೊಂಡು ಕೂರುತ್ತದೆ. ಸಂಖ್ಯೆ ಹೆಚ್ಚಾದಾಗ ರಕ್ತ ಬೆರೆತ ಭೇದಿ, ಕೆಲವೊಮ್ಮೆ ಗುದನಾಳ ಹೊರಜಾರುವುದು ಇದರ ಕೆಲಸ.

ರಾತ್ರಿ ಹೊತ್ತು ಮಗುವಿನ ಗುದದ್ವಾರದಲ್ಲಿ ನವೆ ತರುವ ಬಿಳಿ ದಾರದ ಚೂರಿನಂಥ ಸೂಜಿಹುಳುವಿಗೆ ಮಣ್ಣಿನ ಹಂಗಿಲ್ಲ. ಅದರ ಮೊಟ್ಟೆ ಉಗುರು, ಹಾಸಿಗೆ, ಬಟ್ಟೆಯ ಮೂಲಕ ಒಬ್ಬರಿಂದೊಬ್ಬರಿಗೆ ನೇರವಾಗಿ ದಾಟುತ್ತದೆ. ಕಾಟ ಹೆಚ್ಚು, ಹಾನಿ ಕಡಿಮೆ. ಹುಳುವೆಂದರೆ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಇದೇ ಆದರೂ ಈ ಲೇಖನದ ವಿವಾದಕ್ಕೂ ಇದಕ್ಕೂ ಅಷ್ಟಾಗಿ ನಂಟಿಲ್ಲ.

ಇವಲ್ಲದೆ ಕಣ್ಣಿಗೆ ಕಾಣದ ಇನ್ನೊಂದು ಗುಂಪಿದೆ: ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ, ಆಮಶಂಕೆ ತರುವ ಅಮೀಬಾ. ಇವು ಹುಳುಗಳಲ್ಲ, ಏಕಕೋಶ ಜೀವಿಗಳು. ಹುಳುವಿನ ಮಾತ್ರೆಯ ಗದ್ದಲದಲ್ಲಿ ಇವುಗಳ ಹೆಸರು ಕೇಳಿಬರುವುದೇ ಅಪರೂಪ, ಆದರೆ ಎಳೆಯ ಮಕ್ಕಳ ಮಟ್ಟಿಗೆ ಇವು ಸಣ್ಣ ಶತ್ರುಗಳೇನಲ್ಲ.

ಇದೆಯೇ ಎಂಬುದಕ್ಕಿಂತ ಎಷ್ಟಿವೆ ಎಂಬುದು ಮುಖ್ಯ

ಬ್ಯಾಕ್ಟೀರಿಯಾ ಅಥವಾ ವೈರಸ್ ದೇಹ ಹೊಕ್ಕ ಮೇಲೆ ತಾನೇ ತಾನಾಗಿ ಬೆಳೆದು ಕೋಟಿಗಟ್ಟಲೆ ಆಗುತ್ತದೆ. ದುಂಡುಹುಳು, ಚಾಟಿಹುಳು, ಕೊಕ್ಕೆಹುಳುಗಳು ಹಾಗಲ್ಲ. ಅವು ಕರುಳಿನೊಳಗೆ ಮೊಟ್ಟೆ ಇಡುತ್ತವೆಯೇ ಹೊರತು ಅಲ್ಲೇ ಮರಿಯಾಗಿ ಹೆಚ್ಚುವುದಿಲ್ಲ. ಹೊಟ್ಟೆಯಲ್ಲಿ ಐವತ್ತು ಹುಳುಗಳಿದ್ದರೆ ಕನಿಷ್ಠ ಐವತ್ತು ಮೊಟ್ಟೆಗಳೋ ಮರಿಗಳೋ ಹೊರಗಿನಿಂದ ಒಳಬಂದಿವೆ ಎಂದೇ ಅರ್ಥ. ಆದ್ದರಿಂದ ಒಂದು ಮಗುವಿನ ಹುಳುಗಳ ಸಂಖ್ಯೆಯು ಆ ಮಗು ಬೆಳೆಯುವ ನೆಲ ಎಷ್ಟು ಮಲಿನವಾಗಿದೆ ಎಂಬುದರ ಲೆಕ್ಕವೂ ಆಗಿರುತ್ತದೆ. ಸಿಹಿ ತಿಂದರೆ ಹೊಟ್ಟೆಯಲ್ಲಿ ಹುಳು ಹುಟ್ಟುತ್ತದೆಂಬ ನಂಬಿಕೆಗೆ ಆಧಾರವಿಲ್ಲದಿರುವುದೂ ಇದೇ ಕಾರಣಕ್ಕೆ.

ಈ ಸಂಖ್ಯೆಯನ್ನು ಅಳೆಯುವ ವಿಧಾನಕ್ಕೆ ಕಾಟೊ-ಕಾಟ್ಜ್ ಎಂಬ ಹೆಸರಿದೆ. ಮಲವನ್ನು ಸಣ್ಣ ಜರಡಿಯಿಂದ ಒತ್ತಿ ತೆಗೆದು, ನಡುವೆ ತೂತಿರುವ ಚಿಕ್ಕ ಅಚ್ಚಿನಲ್ಲಿ ತುಂಬಿ, ಅಚ್ಚನ್ನು ಗಾಜಿನ ಪಟ್ಟಿಯ ಮೇಲಿಂದ ಎತ್ತಿದರೆ 41.7 ಮಿಲಿಗ್ರಾಂ ತೂಕದ ಪುಟ್ಟ ಬಿಲ್ಲೆಯೊಂದು ಉಳಿಯುತ್ತದೆ. ಅದರ ಮೇಲೆ ಗ್ಲಿಸರಿನ್‌ನಲ್ಲಿ ನೆನೆಸಿದ ಹಸಿರು ಬಣ್ಣದ ಸೆಲೊಫೇನ್ ಚೂರನ್ನು ಇಟ್ಟು ಒತ್ತಿದಾಗ ಮಲ ತೆಳುವಾಗಿ ಹರಡಿ, ನಿಧಾನವಾಗಿ ಪಾರದರ್ಶಕವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಂಡ ಮೊಟ್ಟೆಗಳನ್ನು ಒಂದೊಂದಾಗಿ ಎಣಿಸಿ 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿ ಎಷ್ಟು ಮೊಟ್ಟೆಗಳಿವೆ ಎಂಬುದು ಸಿಗುತ್ತದೆ. ಗ್ರಾಂಗೆ 5,000 ದುಂಡುಹುಳು ಮೊಟ್ಟೆಗಳಿದ್ದರೆ ಅಲ್ಲಿಂದ ಮಧ್ಯಮ ಸೋಂಕು, 50,000 ಇದ್ದರೆ ಅಲ್ಲಿಂದ ತೀವ್ರ ಸೋಂಕು. ಕೊಕ್ಕೆಹುಳುವಿಗೆ ಇದೇ ಗಡಿಗಳು 2,000 ಮತ್ತು 4,000. ಇಲ್ಲೊಂದು ತೊಡಕಿದೆ. ಕೊಕ್ಕೆಹುಳುವಿನ ಮೊಟ್ಟೆಯ ಕವಚ ತೀರ ತೆಳು. ಗ್ಲಿಸರಿನ್ ಅದನ್ನೂ ಪಾರದರ್ಶಕ ಮಾಡಿಬಿಡುವುದರಿಂದ ಹೆಚ್ಚೆಂದರೆ ಒಂದು ಗಂಟೆಯೊಳಗೆ ಎಣಿಸದಿದ್ದರೆ ಮೊಟ್ಟೆಗಳು ಕಣ್ಣೆದುರೇ ಮಾಯವಾಗುತ್ತವೆ, ಹುಳುವಿರುವ ಮಗು ಕಾಗದದ ಮೇಲೆ ಆರೋಗ್ಯವಂತ ಮಗುವಾಗಿಬಿಡುತ್ತದೆ.

ಹೀಗೆ ಎಣಿಸಿದಲ್ಲೆಲ್ಲ ಕಂಡುಬಂದಿರುವ ಒಂದು ಸಂಗತಿ ಇಡೀ ವಿವಾದದ ಕೀಲಿಕೈ. ಹುಳುಗಳು ಮಕ್ಕಳಲ್ಲಿ ಸಮನಾಗಿ ಹಂಚಿಹೋಗಿರುವುದಿಲ್ಲ. ಬಹುಪಾಲು ಮಕ್ಕಳಲ್ಲಿ ಕೆಲವೇ ಹುಳುಗಳು, ಬೆರಳೆಣಿಕೆಯ ಮಕ್ಕಳಲ್ಲಿ ರಾಶಿ ರಾಶಿ. ಒಂದು ಸಮುದಾಯದ ಸುಮಾರು ಶೇ 80ರಷ್ಟು ಹುಳುಗಳು ಅಲ್ಲಿನ ಶೇ 20ರಷ್ಟು ಜನರ ಹೊಟ್ಟೆಯಲ್ಲೇ ಇರುತ್ತವೆ ಎಂಬುದು ಪರೋಪಜೀವಿ ತಜ್ಞರ ನಡುವೆ ರೂಢಿಯಲ್ಲಿರುವ ಲೆಕ್ಕ. ಹಾನಿ ಆಗುವುದೂ ಬಹುಮಟ್ಟಿಗೆ ಈ ಸಣ್ಣ ಗುಂಪಿಗೇ.

ರಕ್ತದ ಲೆಕ್ಕ

ಹಾನಿ ಹೇಗಾಗುತ್ತದೆ ಎಂಬುದು ಕೊಕ್ಕೆಹುಳುವಿನಲ್ಲಿ ಅತ್ಯಂತ ಸ್ಪಷ್ಟ. ಇದರಲ್ಲಿ ಎರಡು ಮುಖ್ಯ ಪ್ರಭೇದಗಳಿವೆ. ನೆಕೇಟರ್ ಎಂಬುದು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಕಳೆದರೆ, ಆಂಕಿಲೊಸ್ಟೊಮಾ ಅದರ ಐದಾರು ಪಟ್ಟು ಕಳೆಯುತ್ತದೆ. ಮಗುವಿನ ಕರುಳಲ್ಲಿ ನೂರು ನೆಕೇಟರ್ ಹುಳುಗಳಿವೆ ಎಂದುಕೊಂಡರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90 ಮಿಲಿಲೀಟರ್ ರಕ್ತ ಸೋರುತ್ತದೆ. ಇಪ್ಪತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಒಂದೂವರೆ ಲೀಟರ್. ಸೋರಿದ 3 ಮಿಲಿಲೀಟರ್ ರಕ್ತದೊಂದಿಗೆ ಒಂದು ಮಿಲಿಗ್ರಾಂನಷ್ಟು ಕಬ್ಬಿಣದ ಅಂಶವೂ ಕರುಳಿಗೆ ಸುರಿಯುತ್ತದೆ. ಅದರಲ್ಲಿ ಒಂದು ಪಾಲನ್ನು ಕರುಳು ಮರಳಿ ಹೀರಿಕೊಳ್ಳುತ್ತದೆ ನಿಜ. ಆದರೆ ಆ ವಯಸ್ಸಿನ ಮಗು ದಿನದ ಊಟದಿಂದ ಹೀರಿಕೊಳ್ಳುವ ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ ಆಗಿರುವುದರಿಂದ, ಮೇಲಿನಿಂದ ತುಂಬಿದಷ್ಟೂ ಕೆಳಗಿನಿಂದ ಸೋರುವ ಕೊಡದಂತೆ ಆಗುತ್ತದೆ ಅದರ ಪಾಡು. ಊಟ ಚೆನ್ನಾಗಿರುವ ಮಗು ಈ ನಷ್ಟವನ್ನು ಬಹುಕಾಲ ತಡೆದುಕೊಳ್ಳಬಹುದು. ಮೊದಲೇ ಕಬ್ಬಿಣದ ದಾಸ್ತಾನು ಬರಿದಾಗಿರುವ ಮಗು ಕೆಲವೇ ತಿಂಗಳಲ್ಲಿ ಬಿಳಿಚಿಕೊಂಡು, ಆಟಕ್ಕೆ ಬಾರದೆ, ಪಾಠದಲ್ಲಿ ತೂಕಡಿಸತೊಡಗುತ್ತದೆ. ಒಂದೇ ಸಂಖ್ಯೆಯ ಹುಳುಗಳು ಇಬ್ಬರು ಮಕ್ಕಳಲ್ಲಿ ಬೇರೆ ಬೇರೆ ಫಲ ಕೊಡುವುದು ಹೀಗೆ.

ದುಂಡುಹುಳು ರಕ್ತ ಹೀರುವುದಿಲ್ಲ, ಊಟದಲ್ಲಿ ಪಾಲು ಕೇಳುತ್ತದೆ. ಕೊಬ್ಬು ಮತ್ತು ಎ ಜೀವಸತ್ವ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ, ಹಸಿವನ್ನು ಕುಗ್ಗಿಸುತ್ತದೆ. ಸಂಖ್ಯೆ ಮಿತಿಮೀರಿದಾಗ ಹುಳುಗಳು ಹೆಣೆದುಕೊಂಡು ಉಂಡೆಯಾಗಿ ಕರುಳನ್ನೇ ಕಟ್ಟಿಬಿಡುವುದುಂಟು. ಮಕ್ಕಳ ಕರುಳು ಕಿರಿದಾಗಿರುವುದರಿಂದ ಈ ಅಪಾಯ ಅವರಿಗೇ ಹೆಚ್ಚು, ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಜಿಯಾರ್ಡಿಯಾದ ಕೆಲಸ ಇನ್ನೂ ಗುಟ್ಟಾಗಿ ನಡೆಯುತ್ತದೆ. ಅದರ ಹತ್ತು ಕೋಶಗಳು ಹೊಟ್ಟೆ ಸೇರಿದರೂ ಸೋಂಕು ತಗಲಬಲ್ಲದು. ಭೇದಿಯೇ ಇಲ್ಲದೆ ಅದು ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿಯಬಹುದು. ಎಂಟು ದೇಶಗಳ ಎಳೆಗೂಸುಗಳನ್ನು ಹುಟ್ಟಿನಿಂದ ಹಿಂಬಾಲಿಸಿದ ಮಾಲ್-ಎಡ್ ಎಂಬ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲೇ ಜಿಯಾರ್ಡಿಯಾ ಬೇರೂರಿದ ಮಕ್ಕಳು ಎರಡು ವರ್ಷ ತುಂಬುವ ಹೊತ್ತಿಗೆ ಎತ್ತರದಲ್ಲಿ ಹಿಂದೆ ಬಿದ್ದದ್ದು ಕಂಡುಬಂದಿತು. ಕ್ರಿಪ್ಟೊಸ್ಪೊರಿಡಿಯಂ ನೇರವಾಗಿಯೇ ಹೊಡೆಯುತ್ತದೆ: ಆಫ್ರಿಕಾ ಮತ್ತು ಏಷ್ಯಾದ ಏಳು ಕಡೆ ನಡೆದು 2013ರಲ್ಲಿ ಪ್ರಕಟವಾದ ಜೆಮ್ಸ್ ಅಧ್ಯಯನದಲ್ಲಿ, ಒಂದು ವರ್ಷದೊಳಗಿನ ಕೂಸುಗಳ ಗಂಭೀರ ಭೇದಿಗೆ ಕಾರಣವಾದವುಗಳಲ್ಲಿ ರೋಟಾವೈರಸ್‌ನ ನಂತರದ ಸ್ಥಾನ ಇದರದ್ದೇ ಆಗಿತ್ತು.

ಮಾತ್ರೆಯ ಕೈಯಲ್ಲಾಗುವುದು, ಆಗದಿರುವುದು

ಸಾಮೂಹಿಕ ವಿತರಣೆಯಲ್ಲಿ ಬಳಸುವುದು 400 ಮಿಲಿಗ್ರಾಂ ಆಲ್ಬೆಂಡಜೋಲ್ ಅಥವಾ 500 ಮಿಲಿಗ್ರಾಂ ಮೆಬೆಂಡಜೋಲ್‌ನ ಒಂದೇ ಮಾತ್ರೆ. ಒಂದರಿಂದ ಎರಡು ವರ್ಷದ ಕೂಸುಗಳಿಗೆ ಆಲ್ಬೆಂಡಜೋಲ್‌ನ ಅರ್ಧ ಪ್ರಮಾಣ. ಇದು ಹುಳುವಿನ ಜೀವಕೋಶದ ಒಳಚೌಕಟ್ಟನ್ನು ಕೆಡಿಸಿ, ಅದು ಸಕ್ಕರೆಯ ಅಂಶವನ್ನು ಹೀರಿಕೊಳ್ಳದಂತೆ ಮಾಡುತ್ತದೆ. ಹುಳು ಹಸಿವಿನಿಂದ ಸಾಯುತ್ತದೆ ಎನ್ನಬಹುದು.

ಆದರೆ ಎಲ್ಲ ಹುಳುವೂ ಒಂದೇ ರೀತಿ ಸಾಯುವುದಿಲ್ಲ. ಹಲವು ಪ್ರಯೋಗಗಳನ್ನು ಒಗ್ಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಒಂದು ಆಲ್ಬೆಂಡಜೋಲ್ ಮಾತ್ರೆಯಿಂದ ದುಂಡುಹುಳು ಪೂರ್ತಿ ನಿವಾರಣೆಯಾಗುವವರು ಶೇ 95ಕ್ಕೂ ಹೆಚ್ಚು, ಕೊಕ್ಕೆಹುಳು ನಿವಾರಣೆಯಾಗುವವರು ಶೇ 80ರ ಹತ್ತಿರ, ಚಾಟಿಹುಳು ನಿವಾರಣೆಯಾಗುವವರು ಶೇ 30ರ ಆಸುಪಾಸು ಮಾತ್ರ. ಮೆಬೆಂಡಜೋಲ್ ಕೊಕ್ಕೆಹುಳುವಿನ ಮೇಲೆ ಇನ್ನೂ ದುರ್ಬಲ. ಐವರ್‌ಮೆಕ್ಟಿನ್ ಜೊತೆಗೂಡಿಸಿದರೆ ಚಾಟಿಹುಳುವಿನ ಮೇಲಿನ ಪರಿಣಾಮ ಸುಧಾರಿಸುತ್ತದೆಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇನ್ನು ಜಿಯಾರ್ಡಿಯಾಕ್ಕೂ ಕ್ರಿಪ್ಟೊಸ್ಪೊರಿಡಿಯಂಗೂ ಈ ಒಂದು ಮಾತ್ರೆ ಮದ್ದೇ ಅಲ್ಲ. ಮಾತ್ರೆ ನುಂಗಿಸಿದ ಮೇಲೂ ಮಗುವಿನ ಭೇದಿ ನಿಲ್ಲಲಿಲ್ಲ, ಮೈ ಹತ್ತಲಿಲ್ಲ ಎಂಬ ದೂರಿನ ಹಿಂದೆ ಇವು ಇರುವ ಸಾಧ್ಯತೆಯನ್ನು ವೈದ್ಯರು ನೋಡಬೇಕಾಗುತ್ತದೆ.

ಎರಡನೆಯ ಮಿತಿ ಇನ್ನೂ ಗಂಭೀರ. ಮಾತ್ರೆ ಕರುಳನ್ನು ಖಾಲಿ ಮಾಡುತ್ತದೆ, ಮಣ್ಣನ್ನಲ್ಲ. ಚಿಕಿತ್ಸೆಯ ನಂತರ ಸೋಂಕು ಮರಳುವ ವೇಗವನ್ನು ಲೆಕ್ಕ ಹಾಕಿದ 2012ರ ವಿಶ್ಲೇಷಣೆಯೊಂದರಲ್ಲಿ, ಒಂದು ವರ್ಷದೊಳಗೆ ದುಂಡುಹುಳುವಿನ ಪ್ರಮಾಣ ಚಿಕಿತ್ಸೆಗೆ ಮುಂಚಿನ ಮಟ್ಟದ ಶೇ 94ಕ್ಕೂ, ಚಾಟಿಹುಳುವಿನದು ಶೇ 82ಕ್ಕೂ, ಕೊಕ್ಕೆಹುಳುವಿನದು ಶೇ 57ಕ್ಕೂ ಮರಳಿ ತಲುಪಿತ್ತು. ವರ್ಷಕ್ಕೊಮ್ಮೆ ಅಥವಾ ಎರಡು ಸಲ ಮಾತ್ರೆ ಕೊಡುತ್ತಲೇ ಇರಬೇಕೆಂಬ ನಿಯಮ ಹುಟ್ಟಿದ್ದು ಇದರಿಂದ. ಮರಳಿ ಬರುವ ಹುಳುಗಳ ಸಂಖ್ಯೆ ತೀವ್ರ ಮಟ್ಟಕ್ಕೆ ಏರುವ ಮುನ್ನ ಮತ್ತೊಮ್ಮೆ ಇಳಿಸುವುದು ಇದರ ಉದ್ದೇಶವೇ ಹೊರತು, ಹುಳುವನ್ನು ನಿರ್ಮೂಲ ಮಾಡುವುದು ಅಲ್ಲ.

ಕೆನ್ಯಾದಿಂದ ಶುರುವಾದ ಜಗಳ

ಈಗ ಮೂರನೆಯ ಸುದ್ದಿಗೆ ಬರೋಣ. ಸಾಮೂಹಿಕ ಮಾತ್ರೆ ವಿತರಣೆಗೆ ಜಗತ್ತಿನಾದ್ಯಂತ ಬಲ ಬಂದುದರ ಹಿಂದೆ ವೈದ್ಯರಿಗಿಂತ ಅರ್ಥಶಾಸ್ತ್ರಜ್ಞರ ಪಾತ್ರ ಹಿರಿದು. ಕೆನ್ಯಾದ ಬುಸಿಯಾ ಜಿಲ್ಲೆಯ 75 ಶಾಲೆಗಳಲ್ಲಿ 1998ರಿಂದ ಹಂತಹಂತವಾಗಿ ಮಾತ್ರೆ ಕೊಟ್ಟು, ಫಲಿತಾಂಶವನ್ನು ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೀಮರ್ 2004ರಲ್ಲಿ ಪ್ರಕಟಿಸಿದರು. ಗೈರುಹಾಜರಿ ಕಾಲು ಭಾಗದಷ್ಟು ಇಳಿದಿತ್ತು. ಮಾತ್ರೆ ಸಿಗದ ಅಕ್ಕಪಕ್ಕದ ಶಾಲೆಗಳ ಮಕ್ಕಳಿಗೂ, ಸುತ್ತಲ ಮಣ್ಣಿಗೆ ಮೊಟ್ಟೆ ಬೀಳುವುದು ತಗ್ಗಿದ್ದರಿಂದ, ಲಾಭವಾಗಿತ್ತು. ಪರೀಕ್ಷೆಯ ಅಂಕಗಳು ಮಾತ್ರ ಏರಿರಲಿಲ್ಲ. ಕ್ರೀಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಈ ಕೆಲಸದ ಹೆಸರೂ ಮತ್ತೆ ಎಲ್ಲೆಡೆ ಕೇಳಿಬಂತು.

2015ರಲ್ಲಿ ಬೇರೊಂದು ತಂಡ ಅದೇ ಅಂಕಿಅಂಶಗಳನ್ನು ಮರುಪರಿಶೀಲಿಸಿ, ದೂರದ ಶಾಲೆಗಳಿಗೂ ಲಾಭ ಹರಡಿತೆಂಬ ಲೆಕ್ಕದಲ್ಲಿ ತಪ್ಪುಗಳಿದ್ದುದನ್ನು ತೋರಿಸಿತು. ಶಾಲೆಗಳನ್ನು ಆರಿಸಿದ್ದು ಚೀಟಿ ಎತ್ತಿಯಲ್ಲ, ಪಟ್ಟಿಯಲ್ಲಿ ಸರದಿಯಂತೆ. ಮಾತ್ರೆಯ ಜೊತೆಗೆ ಆರೋಗ್ಯ ಪಾಠವನ್ನೂ ಕೊಟ್ಟಿದ್ದರು. ಯಾವುದರಿಂದ ಏನಾಯಿತೆಂದು ಹೇಗೆ ಹೇಳುತ್ತೀರಿ ಎಂಬ ಆಕ್ಷೇಪಗಳೂ ಬಂದವು. ಹಾಜರಾತಿ ಹೆಚ್ಚಿದ್ದು ನಿಜ ಎಂದು ಮೂಲ ಲೇಖಕರು ಸಮರ್ಥಿಸಿಕೊಂಡರು. ಇಂಗ್ಲಿಷ್ ಪತ್ರಿಕೆಗಳು ಇದನ್ನು ಹುಳುಗಳ ಯುದ್ಧವೆಂದೇ ಕರೆದವು.

ಇತ್ತ ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2012, 2015 ಮತ್ತು 2019ರ ತಮ್ಮ ವರದಿಗಳಲ್ಲಿ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಹುಳುವಿದೆಯೆಂದು ಪರೀಕ್ಷೆಯಿಂದ ಖಚಿತವಾದ ಮಕ್ಕಳಿಗೆ ಮಾತ್ರೆ ಕೊಟ್ಟರೆ ತೂಕ ಹೆಚ್ಚಬಹುದು, ಆದರೆ ಪರೀಕ್ಷಿಸದೆ ಎಲ್ಲರಿಗೂ ಕೊಟ್ಟಾಗ ಸರಾಸರಿ ತೂಕ, ಹಿಮೋಗ್ಲೋಬಿನ್, ಗ್ರಹಣಶಕ್ತಿ, ಕಲಿಕೆಯ ಮೇಲೆ ಪರಿಣಾಮ ಅತ್ಯಲ್ಪ ಅಥವಾ ಇಲ್ಲ. ಉತ್ತರ ಪ್ರದೇಶದಲ್ಲಿ ಸುಮಾರು 10 ಲಕ್ಷ ಎಳೆಯ ಮಕ್ಕಳನ್ನು ಒಳಗೊಂಡು, ಆರು ತಿಂಗಳಿಗೊಮ್ಮೆ ಆಲ್ಬೆಂಡಜೋಲ್ ಕೊಟ್ಟ ದೇವ್ತಾ ಪ್ರಯೋಗದ ಫಲಿತಾಂಶ 2013ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಕ್ಕಳ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ ಮಕ್ಕಳಲ್ಲಿ ಹುಳುವಿನ ಹೊರೆ ಹಗುರವಾಗಿತ್ತೆಂಬುದನ್ನು ಸಂಶೋಧಕರೇ ದಾಖಲಿಸಿದ್ದಾರೆ.

ಅದಾಗಿ 2021ರಲ್ಲಿ ಕೆನ್ಯಾದ ಅದೇ ಮಕ್ಕಳನ್ನು, ಆಗ ಬೆಳೆದು ದುಡಿಯುತ್ತಿದ್ದವರನ್ನು, ಇಪ್ಪತ್ತು ವರ್ಷಗಳ ನಂತರ ಹುಡುಕಿ ಮಾತನಾಡಿಸಿದ ವರದಿ ಬಂತು. ಎರಡು ಮೂರು ವರ್ಷ ಹೆಚ್ಚು ಮಾತ್ರೆ ಪಡೆದವರ ಮನೆವೆಚ್ಚ ಶೇ 14ರಷ್ಟು, ಗಂಟೆಯ ಗಳಿಕೆ ಶೇ 13ರಷ್ಟು ಹೆಚ್ಚಿತ್ತು. ಈ ಅಂದಾಜುಗಳ ಸುತ್ತಲಿನ ಅನಿಶ್ಚಿತತೆ ಸಣ್ಣದಲ್ಲ, ಬುಸಿಯಾದಂತೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಹುಳುವಿದ್ದ ಜಾಗಗಳು ಈಗ ಕಡಿಮೆ ಎಂಬುದನ್ನೂ ಮರೆಯಬಾರದು.

ಸರಾಸರಿಯಲ್ಲಿ ಕರಗುವ ಮಕ್ಕಳು

ಈ ಭಿನ್ನಾಭಿಪ್ರಾಯದ ದೊಡ್ಡ ಪಾಲು ಒಂದು ಸರಳ ಗಣಿತದಲ್ಲಿದೆ. ಲೆಕ್ಕಕ್ಕಾಗಿ ಸಾವಿರ ಮಕ್ಕಳನ್ನು ಊಹಿಸಿಕೊಳ್ಳೋಣ. ಅವರಲ್ಲಿ 200 ಮಕ್ಕಳಿಗೆ ಹುಳುವಿದೆ, ಆ 200ರಲ್ಲಿ 50 ಮಕ್ಕಳಿಗೆ ಮಾತ್ರ ಮೈ ಬಾಡುವಷ್ಟು ಹುಳುವಿದೆ. ಸಾವಿರ ಮಕ್ಕಳೂ ಮಾತ್ರೆ ನುಂಗಿದರು, ಆ 50 ಮಕ್ಕಳ ತೂಕ ಒಂದೊಂದು ಕಿಲೋ ಏರಿತು, ಉಳಿದವರಲ್ಲಿ ಏನೂ ಆಗಲಿಲ್ಲ. ಸರಾಸರಿ ಏರಿಕೆ 50 ಗ್ರಾಂ. ಮಕ್ಕಳ ತೂಕ ತೂಗುವ ತಕ್ಕಡಿಯ ತಪ್ಪೇ ಅದಕ್ಕಿಂತ ಹೆಚ್ಚಿರುತ್ತದೆ. ಸಂಶೋಧಕರು ಪ್ರಾಮಾಣಿಕವಾಗಿಯೇ ಪರಿಣಾಮ ಕಾಣಲಿಲ್ಲವೆಂದು ಬರೆಯುತ್ತಾರೆ, ಪತ್ರಿಕೆ ಮಾತ್ರೆಯಿಂದ ಲಾಭವಿಲ್ಲವೆಂದು ತಲೆಬರಹ ಕೊಡುತ್ತದೆ. ಆ 50 ಮಕ್ಕಳ ಕಿಲೋ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ.

ಆದರೆ ಗಣಿತವೊಂದರಿಂದಲೇ ಕಾಕ್ರೇನ್ ವಿಮರ್ಶಕರ ಬಾಯಿ ಮುಚ್ಚಿಸಲಾಗದು. ಹುಳುವಿನ ಪ್ರಮಾಣ ಹೆಚ್ಚಿರುವ ಕಡೆ ನಡೆದ ಪ್ರಯೋಗಗಳನ್ನೇ ಬೇರೆಯಾಗಿ ಇಟ್ಟು ನೋಡಿದರೂ ಲಾಭ ಸ್ಥಿರವಾಗಿ ಕಾಣುವುದಿಲ್ಲವೆಂಬುದು ಅವರ ಉತ್ತರ, ಅದು ಗಟ್ಟಿ ಉತ್ತರವೇ. ಮಗುವಿನ ಬೆಳವಣಿಗೆ ಕುಂಠಿತವಾಗಲು ಹುಳುವಿನ ಜೊತೆಗೆ ಊಟದ ಕೊರತೆ, ಪದೇ ಪದೇ ಬರುವ ಭೇದಿ, ತಾಯಿಯ ಆರೋಗ್ಯ ಹೀಗೆ ಹಲವು ಕಾರಣಗಳು ಸೇರಿರುತ್ತವೆ. ಒಂದನ್ನು ತೆಗೆದ ಮಾತ್ರಕ್ಕೆ ಉಳಿದವು ಸುಮ್ಮನಿರುವುದಿಲ್ಲ. ಮಾತ್ರೆ ಕೊಟ್ಟ ಆರೇ ತಿಂಗಳಲ್ಲಿ ಹುಳು ಬಹುಮಟ್ಟಿಗೆ ಮರಳಿರುವಾಗ, ಒಂದು ವರ್ಷದ ಪ್ರಯೋಗದಲ್ಲಿ ಎತ್ತರ ಏರಲಿಲ್ಲವೆಂದರೆ ಅಚ್ಚರಿಯೂ ಇಲ್ಲ. ಎರಡೂ ವಾದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸಮಂಜಸವಾಗಿ ಕಾಣುವುದು ಇಷ್ಟು: ತೀವ್ರ ಸೋಂಕು ಹೆಚ್ಚಿರುವಲ್ಲಿ ಮಾತ್ರೆಗೆ ಸ್ಪಷ್ಟ ಸಮರ್ಥನೆಯಿದೆ, ಅದು ಅಪೌಷ್ಟಿಕತೆಗೂ ಶಾಲೆಯ ಫಲಿತಾಂಶಕ್ಕೂ ರಾಮಬಾಣವೆಂಬ ಪ್ರಚಾರಕ್ಕೆ ಮಾತ್ರ ಸಮರ್ಥನೆ ಸಾಲದು.

ಹಾಗಿದ್ದರೆ ಪರೀಕ್ಷಿಸಿ, ಹುಳುವಿರುವವರಿಗೆ ಮಾತ್ರ ಯಾಕೆ ಕೊಡಬಾರದು? ಮಲಪರೀಕ್ಷೆಗೆ ತಗಲುವ ಖರ್ಚು ಮಾತ್ರೆಯ ಖರ್ಚಿನ ಹಲವು ಪಟ್ಟು. ಹಗುರ ಸೋಂಕು ಒಂದೇ ಪರೀಕ್ಷೆಯಲ್ಲಿ ಕೈತಪ್ಪುವುದೂ ಉಂಟು. ಹುಳುವಿಲ್ಲದ ಮಗುವಿಗೆ ಮಾತ್ರೆಯಿಂದ ಹಾನಿ ಅತ್ಯಲ್ಪವಾದ್ದರಿಂದ, ಎಲ್ಲರಿಗೂ ಕೊಡುವುದೇ ಅಗ್ಗವೆಂಬ ನಿಲುವಿಗೆ ವಿಶ್ವ ಆರೋಗ್ಯ ಸಂಸ್ಥೆ ಬಂದಿದೆ. ಅದರ 2017ರ ಮಾರ್ಗಸೂಚಿಯಂತೆ ಹುಳುವಿನ ಪ್ರಮಾಣ ಶೇ 20 ಮತ್ತು ಅದಕ್ಕೂ ಹೆಚ್ಚಿರುವ ಪ್ರದೇಶಗಳಲ್ಲಿ ವರ್ಷಕ್ಕೊಮ್ಮೆ, ಶೇ 50 ಮೀರಿದಲ್ಲಿ ವರ್ಷಕ್ಕೆ ಎರಡು ಸಲ ಮಾತ್ರೆ.

ಆಸ್ಪತ್ರೆ ಸೇರಿದ ಮಕ್ಕಳು

ಮಾತ್ರೆ ನುಂಗಿದ ಬಳಿಕ ಕೆಲವರಿಗೆ ಹೊಟ್ಟೆನೋವು, ಓಕರಿಕೆ, ತಲೆನೋವು ಬರುವುದು ನಿಜ. ಸಾಮಾನ್ಯವಾಗಿ ಒಂದು ದಿನದಲ್ಲಿ ಶಮನವಾಗುವ ಈ ತೊಂದರೆ ಹೆಚ್ಚು ಹುಳುವಿರುವ ಮಕ್ಕಳಲ್ಲೇ ಹೆಚ್ಚು. ಸಾಯುತ್ತಿರುವ ಹುಳುಗಳೇ ಅದಕ್ಕೆ ಕಾರಣ. ಒಂದು ತರಗತಿಯಲ್ಲಿ ಒಬ್ಬ ಹುಡುಗಿ ವಾಂತಿ ಮಾಡಿಕೊಂಡದ್ದನ್ನು ನೋಡಿ ಅಕ್ಕಪಕ್ಕದವರಿಗೂ ಹೊಟ್ಟೆ ತೊಳಸುವುದು, ಭಯ ಹರಡಿದಂತೆ ಲಕ್ಷಣವೂ ಹರಡುವುದು ಸಾಮೂಹಿಕ ಔಷಧ ವಿತರಣೆಗಳಲ್ಲಿ ಪರಿಚಿತ ವಿದ್ಯಮಾನ. ಆ ಮಕ್ಕಳು ನಟಿಸುತ್ತಿದ್ದಾರೆಂದು ಇದರ ಅರ್ಥವಲ್ಲ. ಏನಾಗಬಹುದೆಂದು ಮುಂಚಿತವಾಗಿ ಯಾರೂ ಅವರಿಗೆ ಹೇಳಿರುವುದಿಲ್ಲ, ಅಷ್ಟೆ.

ನಿಜವಾದ ಅಪಾಯ ಬೇರೆ ಕಡೆ ಇದೆ, ಅದು ಔಷಧದ್ದಲ್ಲ. ಅಳುತ್ತಿರುವ ಎಳೆಯ ಮಗುವಿನ ಮೂಗು ಹಿಡಿದು ಇಡೀ ಮಾತ್ರೆ ನುಂಗಿಸಲು ಹೋದರೆ ಅದು ಶ್ವಾಸನಾಳಕ್ಕೆ ಸಿಕ್ಕಿ ಉಸಿರುಗಟ್ಟಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿಯೇ ಕೊಡಬೇಕು, ಬಲವಂತ ಮಾಡಲೇಬಾರದು ಎಂಬ ಸೂಚನೆ ಇರುವುದು ಇದಕ್ಕೇ. ಜ್ವರ ಅಥವಾ ಬೇರೆ ಕಾಯಿಲೆಯಿರುವ ಮಗುವಿಗೆ ಅಂದು ಕೊಡದೆ, ಗುಣವಾದ ಮೇಲೆ ಕೊಡುವುದು ಕ್ರಮ.

ಶೌಚಾಲಯ ಕಟ್ಟಿದರೆ ಸಾಕೇ?

ಮಾತ್ರೆಯನ್ನು ಟೀಕಿಸುವವರು ಸಾಮಾನ್ಯವಾಗಿ ಮುಂದಿಡುವ ಪರ್ಯಾಯ ನೈರ್ಮಲ್ಯ. ಮಲ ಮಣ್ಣು ಸೇರದಿದ್ದರೆ ಮೊಟ್ಟೆಯೂ ಸೇರದು ಎಂಬ ತರ್ಕದಲ್ಲಿ ಲೋಪವಿಲ್ಲ. ಆದರೂ ಒಡಿಶಾದ ನೂರು ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೌಚಾಲಯವಿರುವ ಮನೆಗಳು ಶೇ 9ರಿಂದ ಶೇ 63ಕ್ಕೆ ಏರಿದರೂ ಮಕ್ಕಳ ಭೇದಿಯಾಗಲಿ ಹುಳುವಾಗಲಿ ಇಳಿಯಲಿಲ್ಲ. ಕಟ್ಟಿದ ಶೌಚಾಲಯಗಳನ್ನೆಲ್ಲ ಎಲ್ಲರೂ ಬಳಸಿರಲಿಲ್ಲ. ಬಯಲಿಗೆ ಹೋಗುವವರು ಕೆಲವರಿದ್ದರೂ ಮೊಟ್ಟೆ ಮಣ್ಣಿಗೆ ಬೀಳುತ್ತಲೇ ಇರುತ್ತದೆ. ಕೆನ್ಯಾ ಮತ್ತು ಬಾಂಗ್ಲಾದೇಶಗಳಲ್ಲಿ ನಡೆದ ವಾಶ್ ಬೆನಿಫಿಟ್ಸ್ ಪ್ರಯೋಗಗಳ ಫಲಿತಾಂಶ ಮಿಶ್ರವಾಗಿತ್ತು: ಕೆನ್ಯಾದಲ್ಲಿ ದುಂಡುಹುಳು ಸ್ವಲ್ಪ ತಗ್ಗಿತು, ಬಾಂಗ್ಲಾದೇಶದಲ್ಲಿ ಜಿಯಾರ್ಡಿಯಾ ತಗ್ಗಿತು, ಆದರೆ ನೀರು, ಶೌಚಾಲಯ, ಕೈತೊಳೆಯುವಿಕೆಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ದಕ್ಷಿಣ ಕೊರಿಯಾದಲ್ಲಿ 1971ರ ಸಮೀಕ್ಷೆಯಂತೆ ಶೇ 84ರಷ್ಟು ಜನರ ಮಲದಲ್ಲಿ ಹುಳುಗಳ ಮೊಟ್ಟೆ ಸಿಕ್ಕಿತ್ತು. 1997ರ ಹೊತ್ತಿಗೆ ಅದು ಶೇ 2.4ಕ್ಕೆ ಇಳಿದಿತ್ತು. ಅಲ್ಲಿ 1966ರಲ್ಲಿ ಕಾನೂನು ತಂದು, ಶಾಲಾ ಮಕ್ಕಳ ಮಲವನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸಿ, ಹುಳುವಿದ್ದವರಿಗೆ ಔಷಧ ಕೊಟ್ಟರು. ಅದೇ ಅವಧಿಯಲ್ಲಿ ಮನುಷ್ಯರ ಮಲವನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವುದು ನಿಂತಿತು, ಚರಂಡಿ ವ್ಯವಸ್ಥೆ ಬಂತು, ಜನರ ಆದಾಯ ಏರಿತು. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಬಿಡಿಸಿ ಹೇಳುವುದು ಕಷ್ಟ. ಇಪ್ಪತ್ತೈದು ವರ್ಷ ಔಷಧವೂ ನೈರ್ಮಲ್ಯವೂ ಒಟ್ಟಿಗೆ ನಡೆದವು ಎಂಬುದಷ್ಟೇ ಖಚಿತ.

ಮುಂದೆ ಏನಾಗಬಹುದು

ಶಾಲೆಯನ್ನೇ ನೆಚ್ಚಿಕೊಂಡ ಕಾರ್ಯಕ್ರಮಕ್ಕೆ ಒಂದು ಹುಟ್ಟುದೋಷವಿದೆ. ದುಂಡುಹುಳು, ಚಾಟಿಹುಳುಗಳು ಮಕ್ಕಳಲ್ಲೇ ಹೆಚ್ಚಾದರೂ ಕೊಕ್ಕೆಹುಳುವಿನ ಹೊರೆ ವಯಸ್ಸಿನೊಂದಿಗೆ ಏರುತ್ತದೆ. ಮಕ್ಕಳ ಹೊಟ್ಟೆಯನ್ನು ಎಷ್ಟು ಸಲ ಖಾಲಿ ಮಾಡಿದರೂ ದೊಡ್ಡವರ ಮೂಲಕ ಮಣ್ಣಿಗೆ ಮೊಟ್ಟೆಗಳು ಸೇರುತ್ತಲೇ ಇರುತ್ತವೆ. ಕೆನ್ಯಾದ ಟುಮಿಕಿಯಾ ಪ್ರಯೋಗದಲ್ಲಿ ಶಾಲೆಯ ಮಕ್ಕಳಿಗಷ್ಟೇ ಅಲ್ಲದೆ ಇಡೀ ಸಮುದಾಯಕ್ಕೆ ಮಾತ್ರೆ ಕೊಟ್ಟಾಗ ಕೊಕ್ಕೆಹುಳು ಹೆಚ್ಚು ಇಳಿಯಿತೆಂದು 2019ರಲ್ಲಿ ವರದಿಯಾಯಿತು. ಆದರೆ ವ್ಯಾಪ್ತಿ ಹಿಗ್ಗಿಸಿದಷ್ಟೂ ಔಷಧಕ್ಕೆ ಬಗ್ಗದ ಹುಳುಗಳು ಉಳಿದು ಹೆಚ್ಚುವ ಅಪಾಯವೂ ಹಿಗ್ಗುತ್ತದೆ. ಕುರಿಗಳಿಗೆ ದಶಕಗಳ ಕಾಲ ಇದೇ ಬಗೆಯ ಔಷಧವನ್ನು ಕುಡಿಸಿದ್ದರಿಂದ ಅವುಗಳ ಹುಳುಗಳಲ್ಲಿ ಅದು ಕೆಲಸ ಮಾಡದ ಸ್ಥಿತಿ ಹಲವು ದೇಶಗಳಲ್ಲಿ ಈಗಾಗಲೇ ಬಂದಿದೆ.

ಹಣದ ಪ್ರಶ್ನೆ ಇನ್ನೊಂದು. ಬಡ ದೇಶಗಳಿಗೆ ಬೇಕಾದ ಮಾತ್ರೆಗಳ ಬಹುಪಾಲನ್ನು ಔಷಧ ಕಂಪನಿಗಳು ದಾನವಾಗಿ ಕೊಡುತ್ತಿವೆ. ಅವನ್ನು ಶಾಲೆಗಳಿಗೆ ಮುಟ್ಟಿಸುವ, ಶಿಕ್ಷಕರಿಗೆ ತರಬೇತಿ ಕೊಡುವ, ಸಮೀಕ್ಷೆ ಮಾಡುವ ಖರ್ಚಿಗೆ ಹಲವು ದೇಶಗಳು ವಿದೇಶಿ ನೆರವನ್ನು ನಂಬಿದ್ದವು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿಗೆ ದೊಡ್ಡ ಕತ್ತರಿ ಹಾಕಿದ ಮೇಲೆ ಈ ಕೊಂಡಿ ಸಡಿಲವಾಗಿದೆ. ಗೋದಾಮಿನಲ್ಲಿ ಮಾತ್ರೆಯಿದ್ದೂ ಮಕ್ಕಳಿಗೆ ತಲುಪದಿದ್ದರೆ ಮೊದಲು ತಲೆ ಎತ್ತುವುದು ದುಂಡುಹುಳು. ಅದರ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಐದಾರು ವರ್ಷ ಸತತವಾಗಿ ಮಾತ್ರೆ ಕೊಟ್ಟ ಮೇಲೆ ಮತ್ತೆ ಮಲಪರೀಕ್ಷೆ ಮಾಡಿ, ಹುಳುವಿನ ಪ್ರಮಾಣ ಶೇ 20ಕ್ಕಿಂತ ಕೆಳಗಿಳಿದಲ್ಲಿ ಸುತ್ತುಗಳನ್ನು ಕಡಿಮೆ ಮಾಡುತ್ತ, ತೀರ ಕೆಳಗಿಳಿದಲ್ಲಿ ನಿಲ್ಲಿಸಬಹುದು, ತಗ್ಗದಿದ್ದಲ್ಲಿ ಹೆಚ್ಚಿಸಬೇಕು. ಮಾತ್ರೆಯ ಪರ ಮತ್ತು ವಿರುದ್ಧ ವಾದಿಸುವವರು ಒಪ್ಪುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಆದರೆ ಈ ಸಮೀಕ್ಷೆಗೆ ದಾನದ ಮಾತ್ರೆ ಉಪಯೋಗಕ್ಕೆ ಬಾರದು. ಅದಕ್ಕೆ ಬೇಕಾದದ್ದು ಹಳ್ಳಿಯ ಶಾಲೆಯವರೆಗೆ ಸೂಕ್ಷ್ಮದರ್ಶಕ ಹೊತ್ತೊಯ್ಯುವ, ಗಾಜಿನ ಪಟ್ಟಿ ಸಿದ್ಧವಾದ ಒಂದು ಗಂಟೆಯೊಳಗೆ ಕೊಕ್ಕೆಹುಳುವಿನ ಮೊಟ್ಟೆಗಳನ್ನು ಎಣಿಸಬಲ್ಲ ಪ್ರಯೋಗಾಲಯ ಸಿಬ್ಬಂದಿ. ಹಣ ಕಡಿಮೆಯಾದಾಗ ಮೊದಲು ಕೈಬಿಡುವ ಸಾಧ್ಯತೆ ಇರುವುದು ಈ ಎಣಿಕೆಯನ್ನೇ. ಎಣಿಕೆಯಿಲ್ಲದೆ ಕಾರ್ಯಕ್ರಮವನ್ನು ಮುಂದುವರಿಸಿದರೆ ಹುಳುವೇ ಇಲ್ಲದ ಕಡೆ ಮಾತ್ರೆ ಹಂಚುತ್ತಿರುತ್ತೇವೆ. ಎಣಿಕೆಯಿಲ್ಲದೆ ನಿಲ್ಲಿಸಿದರೆ ಸಾವಿರದಲ್ಲಿ ಆ 50 ಮಕ್ಕಳು ಯಾರೆಂಬುದು ಅವರ ರಕ್ತಹೀನತೆ ಕಣ್ಣಿಗೆ ಕಾಣುವವರೆಗೆ ತಿಳಿಯುವುದಿಲ್ಲ.